ಬಸ್ಸಿನ ಸುದ್ದಿ ಯಾರಪ್ಪನ ಗಂಟು?

ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ಶಕವರ್ಷ 556 ಎಂದು, ಅಂದರೆ ಕ್ರಿ.ಶ. 634 ಎಂದು, ಕಾಲವನ್ನು ಕಲ್ಲಿನಲ್ಲಿ ಕೊರೆಸಿಟ್ಟಿದ್ದಾನೆ. ಅದೇ ಗುಡ್ಡ ಇಳಿದು ರಸ್ತೆಗೆ ಬಂದು, ಅಮೀನಗಡದ ಬಸ್ಸು ಎಷ್ಟಕ್ಕೆ ಬರುತ್ತದೆಂದು ಕೇಳಿ ನೋಡಿರಿ. “ಬಂದಾಗ ಬರ್ತೈತಿ” ಎಂಬುದೇ ಉತ್ತರ. ಸುಮಾರು ಸಾವಿರದ ನಾನೂರು ವರ್ಷದ ಹಿಂದಿನ ಕಾಲ ಗೊತ್ತು. ಇನ್ನು ಅರ್ಧ ತಾಸಿನ ಕಾಲ ಗೊತ್ತಿಲ್ಲ!

ಇದು ನಗುವ ಮಾತಲ್ಲ. ಪಾಳಿ ತಪ್ಪಿದ ಕಾರ್ಮಿಕನಿಗೆ ಪಗಾರ ಹೋಯಿತು. ಸಂತೆಗೆ ತಡವಾಗಿ ಮುಟ್ಟಿದ ವ್ಯಾಪಾರಿಗೆ ಜಾಗವೂ ಹೋಯಿತು, ಗಿರಾಕಿಯೂ ಹೋಯಿತು. ಬಸ್ಸು ಬರುವುದೋ ಇಲ್ಲವೋ ತಿಳಿಯದೆ ಟಂಟಂ ಹತ್ತಿದರೆ, ದಿನದ ಲಾಭವೆಲ್ಲ ಬಾಡಿಗೆಗೆ ಹೋಯಿತು. ಐಹೊಳೆಯ ಐನೂರ್ವರೆಂಬ ವರ್ತಕರು ಒಂದು ಕಾಲಕ್ಕೆ ದಕ್ಷಿಣ ದೇಶದ ತುಂಬ ವ್ಯಾಪಾರ ನಡೆಸಿದರು. ಅದೇ ನೆಲದ ಸಣ್ಣ ವ್ಯಾಪಾರಿ ಇಂದು ಗಂಟು ತಲೆಯ ಮೇಲಿಟ್ಟುಕೊಂಡು ರಸ್ತೆಯ ಧೂಳು ನೋಡುತ್ತ ನಿಂತಿದ್ದಾನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು. ನಾವು ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಕಾಯುವ ಹೊತ್ತು ಉಚಿತವಲ್ಲ; ಅದರ ಬೆಲೆಯನ್ನು ಕೂಲಿಯವಳೇ ತೆರುತ್ತಾಳೆ.

ಉಪಾಯವಿಲ್ಲವೆ? ಇದೆ. ಬಸ್ಸಿನಲ್ಲಿ ಕೂಡ್ರಿಸಿದ ಸಣ್ಣ ಯಂತ್ರ ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗ ತಿಳಿದು, ಮೊಬೈಲ್ ಜಾಲದ ಮೂಲಕ ಕೇಂದ್ರಕ್ಕೆ ಹೇಳುತ್ತದೆ. ಕೇಂದ್ರವು ಲೆಕ್ಕಹಾಕಿ, “ಇನ್ನು ಹತ್ತು ನಿಮಿಷ” ಎಂದು ನಿಲ್ದಾಣದ ಫಲಕದಲ್ಲಿ ತೋರಿಸುತ್ತದೆ. ಮೈಸೂರಿನ ನಗರ ಬಸ್ಸುಗಳಿಗೆ 2012ರಲ್ಲಿಯೇ ಈ ಏರ್ಪಾಡು ಬಂತು. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಚಿಗರಿ ಬಸ್ಸುಗಳು ಓಡತೊಡಗಿದವು. ಅವುಗಳ ನಿಲ್ದಾಣಗಳಿಗೂ ಇಂಥ ಫಲಕ ಬಂದವು. ಆ ಚಿಗರಿಯನ್ನು ಓಡಿಸುವುದೂ, ಬಾಗಲಕೋಟೆ ಜಿಲ್ಲೆಯ ಬಸ್ಸುಗಳನ್ನು ಓಡಿಸುವುದೂ ಒಂದೇ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಒಂದೇ ಮನೆಯ ಪಂಕ್ತಿಯಲ್ಲಿ ಒಬ್ಬನಿಗೆ ತುಪ್ಪ, ಇನ್ನೊಬ್ಬನಿಗೆ ನೀರು ಮಜ್ಜಿಗೆ ಬಡಿಸುವುದು ಯಾವ ನ್ಯಾಯ? 2019ರಿಂದ ಹೊಸದಾಗಿ ನೋಂದಣಿಯಾಗುವ ಬಸ್ಸುಗಳಿಗೆ ಈ ಯಂತ್ರ ಇರಲೇಬೇಕೆಂದು ಕೇಂದ್ರ ಸರಕಾರವೇ ನಿಯಮ ಮಾಡಿದೆ. ಯಂತ್ರಕ್ಕೆ ಹಣ ಕೊಟ್ಟವರು ನಾವು. ಅದು ಹೇಳುವ ಸುದ್ದಿ ಮಾತ್ರ ಅಧಿಕಾರಿಯ ಮೇಜಿನ ಸೊತ್ತೇ?

“ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದರಲ್ಲಿ ನೋಡಿಕೊಳ್ಳಲಿ” ಎನ್ನುವವರಿದ್ದಾರೆ. ಅಕ್ಷರ ಬಾರದ ಮುದುಕಿ ಏನು ನೋಡಿಯಾಳು? ಕರೆನ್ಸಿ ಮುಗಿದವನು ಏನು ಮಾಡಿಯಾನು? ಕಾಯುವ ಜಾಗದಲ್ಲಿಯೇ ಫಲಕ ಬೇಕು, ಕೂಗಿ ಹೇಳುವ ದನಿಯೂ ಬೇಕು. “ರಸ್ತೆಯೇ ಸರಿಯಿಲ್ಲ, ಬಸ್ಸೇ ಸಾಲದು, ಫಲಕವೇಕೆ?” ಎನ್ನುವವರಿಗೂ ಉತ್ತರ ಇಷ್ಟೇ: ಫಲಕ ಬಸ್ಸನ್ನು ಹಡೆಯುವುದಿಲ್ಲ, ನಿಜ. ಆದರೆ ಯಾವ ದಾರಿಯಲ್ಲಿ ಎಷ್ಟು ಫೇರಿ ತಪ್ಪಿತೆಂಬ ಲೆಕ್ಕ ಬಯಲಿಗೆ ಬಂದರೆ, ಹೆಚ್ಚಿನ ಬಸ್ಸು ಕೇಳಲು ನಮ್ಮ ಕೈಗೆ ಪುರಾವೆ ಸಿಗುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ಯಂತ್ರ ಚಾಲಕ, ನಿರ್ವಾಹಕರ ಬೆನ್ನಿನ ಮೇಲಿನ ಬಾರುಕೋಲಾಗಕೂಡದು. ತಗ್ಗುಬಿದ್ದ ರಸ್ತೆ, ಹಳೆಯ ಗಾಡಿ, ಸಾಲದ ಸಿಬ್ಬಂದಿ—ತಡಕ್ಕೆ ಇವು ಕಾರಣ. ಅವರೂ ದುಡಿಯುವವರೇ, ನಮ್ಮ ಜಗಳ ಅವರೊಡನೆ ಅಲ್ಲ.

ನಮ್ಮ ಬೇಡಿಕೆ ಮೂರು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ನಿಲ್ದಾಣಗಳಲ್ಲಿ, ಐಹೊಳೆಯಂಥ ಊರುಗಳ ತಂಗುದಾಣಗಳಲ್ಲಿ ಬಸ್ಸಿನ ಸುದ್ದಿ ಕನ್ನಡದಲ್ಲಿ ಕಾಣಬೇಕು, ಕೇಳಬೇಕು. ಬಸ್ಸು ರದ್ದಾದರೆ, ಕಾಯುವವರಿಗೆ ಅದು ಕೂಡಲೇ ತಿಳಿಯಬೇಕು. ಕೆಟ್ಟ ಫಲಕವನ್ನು ದುರಸ್ತಿ ಮಾಡುವ ಹೊಣೆ ಯಾರದೆಂದು ಅದರ ಕೆಳಗೇ ಬರೆದಿರಬೇಕು. ಸುಳ್ಳು ಹೇಳುವ ಫಲಕಕ್ಕಿಂತ ಫಲಕವಿಲ್ಲದಿರುವುದೇ ಲೇಸು.

ಗೆಳೆಯರೇ, ಬಡವನ ಹೊತ್ತಿಗೆ ಬೆಲೆಯಿಲ್ಲವೆಂದು ಆಳುವವರು ತಿಳಿದಿದ್ದಾರೆ. ಪ್ರತಿ ನಿಲ್ದಾಣದಲ್ಲಿ ಕಾಯುವವರೆಲ್ಲ ಒಂದು ಅರ್ಜಿಗೆ ಸಹಿ ಹಾಕೋಣ, ಹೆಬ್ಬೆಟ್ಟು ಒತ್ತೋಣ. ಇಷ್ಟು ದಿನ ನಾವು ಕಾದೆವು. ಇನ್ನು ಉತ್ತರಕ್ಕಾಗಿ ಅವರ ಬಾಗಿಲಲ್ಲಿ ಕೂಡೋಣ.