ಬಣ್ಣ ಬಳಿದ ಮುಖ

ಹಳೆಯ ಕೈಗಡಿಯಾರ ಸಂಗ್ರಹಿಸುವ ನಿಮ್ಮಲ್ಲಿ ಕೆಲವರಿಗೆ ಈ ಮಾತು ಕಹಿಯೆನಿಸಬಹುದು. ಆದರೂ ಹೇಳದೆ ಇರಲಾರೆ.

ಬೀದರಿನ ಸಂಗ್ರಾಹಕರೊಬ್ಬರು ನನ್ನ ತಂದೆಯವರ ಎಚ್‌ಎಂಟಿ ಜನತಾ ನೋಡಿ, ‘ಡಯಲ್ ಮಾಸಿದೆ ಗುರುಗಳೇ, ಬಣ್ಣ ಹಾಕಿಸಿದರೆ ಬೆಲೆ ಬರುತ್ತದೆ’ ಎಂದರು. ತಾವು ಕೊಂಡ ನೀಲಿ ಬಣ್ಣದ ‘ಅಪರೂಪದ ಜನತಾ’ವನ್ನೂ ತೋರಿಸಿದರು. ಭೂತಗನ್ನಡಿಯಲ್ಲಿ ನೋಡಿದೆ: ಅಕ್ಷರಗಳು ದಪ್ಪ, ಅಂಚು ಒರಟು, ನಿಮಿಷದ ಗೆರೆಗಳು ಸೊಟ್ಟ. ಯಂತ್ರ ಹಳೆಯದೇ, ಮುಖ ಮಾತ್ರ ನಿನ್ನೆಯದು. ಪಾಪ, ಅವರು ಮೋಸಗಾರರಲ್ಲ, ಮೋಸಹೋದವರು.

1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಈ ಗಡಿಯಾರ ಉದ್ಯಮವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಮುಚ್ಚುವ ಸುದ್ದಿಯೊಡನೆ ಬೇಡಿಕೆ ಏರಿತು. ಬೇಡಿಕೆಯೊಡನೆ ಸುಳ್ಳೂ ಬೆಳೆಯಿತು. ತಪ್ಪು ಬಣ್ಣ ಬಳಿಯುವವನದಷ್ಟೇ ಅಲ್ಲ, ಹೊಳಪನ್ನೇ ಬೇಡುವ ನಮ್ಮದೂ ಹೌದು.

ಭಾಲ್ಕಿ, ಔರಾದ್‌ಗಳಲ್ಲಿ ಮಾಸ್ತರಿಕೆ ಮಾಡಿದ ತಂದೆಯವರ ಗಡಿಯಾರದ ಹಿಂಬದಿ ಮುಚ್ಚಳದೊಳಗೆ, ರಿಪೇರಿ ಮಾಡಿದವರು ಸೂಜಿಮೊನೆಯಿಂದ ಗೀಚಿದ ಮೂರು ತಾರೀಖುಗಳಿವೆ. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ?

ಕೊಳ್ಳುವ ಮುನ್ನ ಮುಚ್ಚಳ ತೆಗೆಸಿ ನೋಡಿರಿ. ಬಣ್ಣ ಹಾಕಿಸಿದ್ದರೆ ಮಾರುವಾಗ ಹಾಗೆಂದೇ ಹೇಳಿರಿ. ನನ್ನ ಜನತಾ ಮಾತ್ರ ಮಾಸಿದ ಮುಖದಲ್ಲೇ ಮೊಮ್ಮಗನ ಕೈ ಸೇರಲಿದೆ.