ಡೋಪಿಂಗ್ ಮೇಲ್ಮನವಿ: ಪೋಗ್ಬಾಗೆ ಶಿಕ್ಷೆ ಇಳಿಯಿತು, ಅಶ್ವಿನಿಗೆ ಏರಿತು. ಯಾಕೆ?

ಕೊಳತ್ತೂರು: ಫ್ರಾನ್ಸಿನ ಪಾಲ್ ಪೋಗ್ಬಾ 2018ರಲ್ಲಿ ಫುಟ್ಬಾಲ್ ವಿಶ್ವಕಪ್ ಗೆದ್ದ ತಂಡದ ಆಟಗಾರ. 2023ರ ಆಗಸ್ಟ್‌ನಲ್ಲಿ ಇಟಲಿಯ ಯುವೆಂಟಸ್ ಕ್ಲಬ್ಬಿನಲ್ಲಿದ್ದಾಗ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. 2024ರ ಫೆಬ್ರವರಿಯಲ್ಲಿ 4 ವರ್ಷ ನಿಷೇಧವಾಯಿತು. ಸ್ವಿಟ್ಜರ್‌ಲೆಂಡಿನ ಲೂಸಾನ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿದರು. ಅದೇ ಅಕ್ಟೋಬರ್‌ನಲ್ಲಿ ಶಿಕ್ಷೆ 18 ತಿಂಗಳಿಗೆ ಇಳಿಯಿತು.

ಹಾಗಾದರೆ ಮೇಲ್ಮನವಿ ಹಾಕಿದರೆ ಶಿಕ್ಷೆ ಇಳಿಯುತ್ತದೆಯೇ? ಇಲ್ಲ ಎನ್ನುವುದಕ್ಕೆ ನಮ್ಮ ಕನ್ನಡದ ಹುಡುಗಿಯ ಕಥೆಯೇ ಸಾಕ್ಷಿ.

ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ಗೆದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. ಮರುವರ್ಷವೇ ಅವರೂ ಸೇರಿ 6 ಮಹಿಳಾ ಓಟಗಾರರ ಮಾದರಿಯಲ್ಲಿ ಸ್ಟೀರಾಯ್ಡ್ ಪತ್ತೆಯಾಯಿತು. ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಕೊಟ್ಟ ಜಿನ್ಸೆಂಗ್ ಗುಳಿಗೆಯಿಂದ ಹೀಗಾಯಿತು ಎಂಬುದು ಅವರ ವಾದ. ಭಾರತದ ಶಿಸ್ತು ಸಮಿತಿ 2011ರ ಡಿಸೆಂಬರ್‌ನಲ್ಲಿ 1 ವರ್ಷದ ನಿಷೇಧ ಮಾತ್ರ ಹಾಕಿತು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಇದನ್ನು ಒಪ್ಪದೆ ಅದೇ ಲೂಸಾನ್ ನ್ಯಾಯಾಲಯಕ್ಕೆ ಹೋಯಿತು. 2012ರಲ್ಲಿ ಶಿಕ್ಷೆ 2 ವರ್ಷಕ್ಕೆ ಏರಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಗಮನಿಸಿ, ಮೇಲ್ಮನವಿಯ ಹಕ್ಕು ಆಟಗಾರನಿಗೆ ಮಾತ್ರವಲ್ಲ, ಎದುರು ಪಕ್ಷಕ್ಕೂ ಇದೆ.

ಇಬ್ಬರೂ ಹೇಳಿದ್ದು 'ಗೊತ್ತಿರಲಿಲ್ಲ' ಎಂದೇ. ಆದರೆ ಈ ನಿಯಮದಲ್ಲಿ 'ಗೊತ್ತಿರಲಿಲ್ಲ' ಎಂದರೆ ಬಿಡುಗಡೆ ಇಲ್ಲ. ದೇಹದೊಳಗೆ ಏನು ಸಿಕ್ಕಿದರೂ ಹೊಣೆ ಆಟಗಾರನದೇ. ಅದು ಹೇಗೆ ಬಂತು, ತಿನ್ನುವ ಮುನ್ನ ಎಷ್ಟು ವಿಚಾರಿಸಿದಿರಿ ಎಂಬುದರ ಮೇಲೆ ಶಿಕ್ಷೆಯ ಅಳತೆ. ಫ್ಲಾರಿಡಾದ ವೈದ್ಯರೊಬ್ಬರು ಬರೆದುಕೊಟ್ಟ ಪೂರಕವನ್ನು ಪೋಗ್ಬಾ ತಪ್ಪಾಗಿ ಸೇವಿಸಿದರು, ಉದ್ದೇಶ ಕೆಟ್ಟದಿರಲಿಲ್ಲ ಎಂದು ನ್ಯಾಯಾಲಯ ಒಪ್ಪಿತು. ಆದರೂ ಇನ್ನಷ್ಟು ಎಚ್ಚರ ವಹಿಸಬೇಕಿತ್ತು ಎಂದು 18 ತಿಂಗಳು ಉಳಿಸಿತು. ಅಶ್ವಿನಿಯವರ ವಿಷಯದಲ್ಲಿ, ಕೋಚ್ ಕೊಟ್ಟರು ಎಂಬ ನಂಬಿಕೆ ಶಿಕ್ಷೆಯನ್ನು ಅರ್ಧಕ್ಕೆ ಇಳಿಸಲು ಸಾಲಲಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಅಶ್ವಿನಿಯವರ ಕಾಲದಲ್ಲಿ ಇಂಥ ಮೊದಲ ತಪ್ಪಿಗೆ ಸಾಮಾನ್ಯವಾಗಿ 2 ವರ್ಷ. 2015ರಿಂದ, ಉದ್ದೇಶವಿರಲಿಲ್ಲ ಎಂದು ಆಟಗಾರನೇ ಸಾಬೀತು ಮಾಡದಿದ್ದರೆ ಸ್ಟೀರಾಯ್ಡಿಗೆ 4 ವರ್ಷ. ತಿರುಚ್ಚಿ ಸಮೀಪದ ಗೋಮತಿ ಮಾರಿಮುತ್ತು 2019ರಲ್ಲಿ ದೋಹಾದಲ್ಲಿ ಗೆದ್ದ 800 ಮೀಟರ್ ಏಷ್ಯನ್ ಚಿನ್ನವನ್ನೂ ಕಳೆದುಕೊಂಡು 4 ವರ್ಷ ಹೊರಗುಳಿದರು.

ಇದರಿಂದ ನಮ್ಮ ಗಡಿ ಹಳ್ಳಿಗಳಿಗೆ ಏನು? ಕ್ರೀಡಾ ಕೋಟಾದ ಕೆಲಸದ ಆಸೆಯಿಂದ ಸೇಲಂಗೋ ಬೆಂಗಳೂರಿಗೋ ಅಭ್ಯಾಸಕ್ಕೆ ಹೋಗುವ ಮಕ್ಕಳಿಗೆ ಕೋಚ್ ಮಾತೇ ವೇದವಾಕ್ಯ. ಜಿಮ್ಮಿನ ಪ್ರೋಟೀನ್ ಡಬ್ಬಿ, ನಾಟ್ಟು ಮರುಂದು ಅಂಗಡಿಯ ಲೇಹ್ಯ, ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್, ಯಾವುದನ್ನೂ ಕೇಳದೆ ಕುಡಿಯುತ್ತಾರೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಟರ್ಬುಟಲೈನ್ ನಿಷೇಧಿತ ಪಟ್ಟಿಯಲ್ಲಿದೆ. ಲೇಬಲ್ಲಿನಲ್ಲಿ ಬರೆಯದ್ದೂ ಡಬ್ಬಿಯೊಳಗೆ ಇರಬಹುದು.

ಪೋಗ್ಬಾಗೆ ಲೂಸಾನ್‌ವರೆಗೆ ವಕೀಲರನ್ನು ಕರೆದೊಯ್ಯುವ ಶಕ್ತಿಯಿತ್ತು. ಕೂಲಿ ಮಾಡುವವರ ಮಗಳಿಗೆ ಎಲ್ಲಿಂದ ಬರಬೇಕು? ಅವಳ ಮೇಲ್ಮನವಿ ಗುಳಿಗೆ ನುಂಗುವ ಮೊದಲೇ ನಡೆಯಬೇಕು. ಕಾಯಿಲೆಯಾದರೆ 'ನಾನು ಕ್ರೀಡಾಪಟು' ಎಂದು ಡಾಕ್ಟರಿಗೆ ಹೇಳಲಿ. ಚೀಟಿ, ಬಿಲ್ಲು, ಖಾಲಿ ಸ್ಟ್ರಿಪ್ ಎಸೆಯದೆ ಇಟ್ಟುಕೊಳ್ಳಲಿ. ನಿಷೇಧಿತ ಔಷಧ ಬೇಕೇ ಬೇಕಾದರೆ ಚಿಕಿತ್ಸೆಗಾಗಿ ವಿನಾಯಿತಿ ಕೇಳುವ ಅರ್ಜಿ ಇದೆ, ಅದನ್ನು ಮೊದಲೇ ಹಾಕಲಿ. ಕೋಚ್ ಕೈಯಿಂದ ಗುಳಿಗೆ ಬಂದರೆ ಹೆತ್ತವರೂ ಒಂದು ಮಾತು ಕೇಳಲಿ: ಇದು ಏನು, ಯಾರು ಬರೆದುಕೊಟ್ಟರು?