ಯಾರು ಯಾರ ಉಪ್ಪು ತಿಂದದ್ದು?

ಕಳೆದ ಭಾನುವಾರ ನಮ್ಮ ಬಡಾವಣೆಯ ಮೈದಾನದಲ್ಲಿ ಮಕ್ಕಳ ಫುಟ್‌ಬಾಲ್ ಶಿಬಿರದ ಸಮಾರೋಪವಿತ್ತು. ತಂಗಿಯ ಮಗನೂ ಶಿಬಿರದಲ್ಲಿದ್ದುದರಿಂದ ಹೋಗಿದ್ದೆ. ಸಮಾರಂಭಕ್ಕೆ ಮುಂಚೆ, ಮಕ್ಕಳು ಕಲಿತದ್ದನ್ನು ತೋರಿಸಲೆಂದು ಅವರನ್ನು ಸಾಲಾಗಿ ನಿಲ್ಲಿಸಿ ಹೆಡರ್ ಮಾಡಿಸಿದರು. ಕೋಚ್ ಎದುರು ನಿಂತು ಚೆಂಡು ಎಸೆಯಬೇಕು, ಮಗು ಹಣೆಯಿಂದ ಅದನ್ನು ವಾಪಸ್ ಕಳಿಸಬೇಕು. ಒಂಬತ್ತು ಹತ್ತು ವರ್ಷದ ಮಕ್ಕಳು. ಒಬ್ಬ ಹುಡುಗ ಚೆಂಡು ಹತ್ತಿರ ಬಂದಾಗಲೆಲ್ಲ ಕಣ್ಣು ಮುಚ್ಚಿ ಕತ್ತು ಒಳಗೆಳೆದುಕೊಳ್ಳುತ್ತಿದ್ದ. ‘ತಲೆ ಕೊಡೋ, ಏನೂ ಆಗಲ್ಲ! ಹೆದರ್‍ಕೋಬೇಡ!’ ಎಂದು ಕೋಚ್ ಗದರಿ, ಅವನಿಗೊಬ್ಬನಿಗೇ ಮತ್ತೆ ಮತ್ತೆ ಎಸೆದರು. ಕೊನೆಗೆ ಹುಡುಗ ಸರಿಯಾಗಿ ಹೊಡೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಹಣೆ ಕೆಂಪಗಾಗಿತ್ತು.

ಆಮೇಲೆ ಮುಖ್ಯ ಅತಿಥಿಗಳ ಭಾಷಣ. ಆಟ ನಿಮಗೆ ಎಲ್ಲವನ್ನೂ ಕೊಡುತ್ತದೆ, ಹೆಸರು ಕೊಡುತ್ತದೆ, ನೌಕರಿ ಕೊಡುತ್ತದೆ, ಆದ್ದರಿಂದ ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬಂತೆ ಆಟಕ್ಕೆ ಸದಾ ಋಣಿಯಾಗಿರಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಆ ಕ್ಷಣ ನೆನಪಾದದ್ದು ಜೆಫ್ ಆ್ಯಸ್ಟಲ್.

ಆ್ಯಸ್ಟಲ್ ಇಂಗ್ಲೆಂಡಿನ ಸ್ಟ್ರೈಕರ್. ಹುಟ್ಟಿದ್ದು 1942ರಲ್ಲಿ, ನಾಟಿಂಗ್‌ಹ್ಯಾಮ್‌ಶೈರಿನ ಈಸ್ಟ್‌ವುಡ್‌ನಲ್ಲಿ. ಕಾದಂಬರಿಕಾರ ಡಿ.ಎಚ್. ಲಾರೆನ್ಸ್ ಹುಟ್ಟಿದ್ದೂ ಅದೇ ಊರಿನಲ್ಲಿ. ಕಲ್ಲಿದ್ದಲ ಗಣಿಗಳ ಸೀಮೆ ಅದು. ನಾಟ್ಸ್ ಕೌಂಟಿ ಕ್ಲಬ್ಬಿನಲ್ಲಿ ಹುಡುಗನಿಗೆ ಹೆಡರ್ ಕಲಿಸಿದ್ದು ಟಾಮಿ ಲಾಟನ್, ತಲೆಯಿಂದ ಗೋಲು ಹೊಡೆಯುವುದರಲ್ಲಿ ತಮ್ಮ ಕಾಲಕ್ಕೆ ಇಂಗ್ಲೆಂಡಿನಲ್ಲಿ ಸಾಟಿಯಿಲ್ಲ ಎನಿಸಿಕೊಂಡವರು. 1964ರಲ್ಲಿ ವೆಸ್ಟ್ ಬ್ರಾಮಿಚ್ ಅಲ್ಬಿಯನ್ ಕ್ಲಬ್ 25,000 ಪೌಂಡ್ ಕೊಟ್ಟು ಆ್ಯಸ್ಟಲ್‌ನನ್ನು ಕೊಂಡಿತು. ಹತ್ತು ವರ್ಷದಲ್ಲಿ ಆತ ಕ್ಲಬ್ಬಿಗೆ ಹೊಡೆದ ಗೋಲು 174. ಅಭಿಮಾನಿಗಳ ಬಾಯಲ್ಲಿ ಆತ ‘ದಿ ಕಿಂಗ್’. 1969-70ರ ಋತುವಿನಲ್ಲಿ 25 ಗೋಲು ಹೊಡೆದು ಇಡೀ ಫಸ್ಟ್ ಡಿವಿಷನ್‌ಗೇ ಮೊದಲಿಗನಾದ.

1968ರ ಎಫ್‌ಎ ಕಪ್ಪಿನಲ್ಲಂತೂ ಒಂದು ಸುತ್ತನ್ನೂ ಬಿಡದೆ ಗೋಲು ಹೊಡೆದಿದ್ದ. ವೆಂಬ್ಲಿಯಲ್ಲಿ ನಡೆದ ಫೈನಲ್ಲಿನಲ್ಲಿ ಎದುರಾಳಿ ಎವರ್ಟನ್. ನಿಗದಿತ ಸಮಯದಲ್ಲಿ ಗೋಲೇ ಬರಲಿಲ್ಲ. ಹೆಚ್ಚುವರಿ ಆಟ ಶುರುವಾಗಿ ಮೂರನೇ ನಿಮಿಷ, ಆ್ಯಸ್ಟಲ್ ಬಲಗಾಲಿನಲ್ಲಿ ಹೊಡೆದ ಚೆಂಡು ಎದುರಾಳಿಯ ಮೈಗೆ ಬಡಿದು ಅವನ ಕಾಲಿಗೇ ವಾಪಸ್ ಬಂತು. ಎಡಗಾಲು ಬೀಸಿದ. ಚೆಂಡು ಬಲೆಯ ಮೇಲ್ಮೂಲೆಗೆ ಹೋಗಿ ಕೂತಿತು. ಕಪ್ ಅಲ್ಬಿಯನ್ನಿನದಾಯಿತು. ತಲೆಗೆ ಹೆಸರಾದ ಆಟಗಾರನ ಅತಿ ದೊಡ್ಡ ಗೋಲು ಬಂದದ್ದು ಕಾಲಿನಿಂದ, ಅದೂ ಎಡಗಾಲಿನಿಂದ. ತಲೆಯನ್ನು ಅಷ್ಟೊಂದು ಸವೆಸದೆಯೂ ಈತ ದೊಡ್ಡ ಆಟಗಾರನೇ ಆಗುತ್ತಿದ್ದ ಎಂದು ನನಗೆ ಅನ್ನಿಸುವುದು ಈ ಗೋಲಿನಿಂದಾಗಿ. ದೇಶಕ್ಕಾಗಿ ಆಡಿದ್ದು ಐದೇ ಪಂದ್ಯ. 1970ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಎದುರು ಬದಲಿ ಆಟಗಾರನಾಗಿ ಇಳಿದು, ಸಮ ಮಾಡಬಹುದಾಗಿದ್ದ ಸುಲಭದ ಅವಕಾಶ ಕೈಬಿಟ್ಟ. ಹೊರಗಿನವರಿಗೆ ಬಹುಕಾಲ ನೆನಪಿದ್ದದ್ದು ಅದೊಂದೇ.

ಆಗಿನ ಆಟಗಾರರಿಗೆ ಈಗಿನಂತೆ ಕೋಟಿಗಟ್ಟಲೆ ಬರುತ್ತಿರಲಿಲ್ಲ. ಆಟ ಬಿಟ್ಟ ಮೇಲೆ ಆ್ಯಸ್ಟಲ್ ಕಿಟಕಿ ಒರೆಸುವ, ಕಾರ್ಖಾನೆ ಶುಚಿಮಾಡುವ ವ್ಯಾಪಾರ ಹಿಡಿದ. ಜೆಫ್ ಆ್ಯಸ್ಟಲ್ ಮೂಲೆಗಳನ್ನು ಬಿಡುವುದೇ ಇಲ್ಲ ಎಂಬುದು ಅವನ ವ್ಯಾಪಾರದ ಘೋಷಣೆ. 1990ರ ದಶಕದಲ್ಲಿ ಒಂದು ಹಾಸ್ಯ ಕಾರ್ಯಕ್ರಮದಲ್ಲಿ ಹಾಡು ಹೇಳಿ ಹೊಸ ಪೀಳಿಗೆಗೂ ಪರಿಚಿತನಾದ.

ಐವತ್ತು ದಾಟಿ ಕೆಲವೇ ವರ್ಷ, ಮರೆವು ಶುರುವಾಯಿತು. ಮಾತು ಕಡಿಮೆಯಾಯಿತು, ಮನೆಯವರ ಗುರುತು ತಪ್ಪತೊಡಗಿತು. ಕೊನೆಕೊನೆಗೆ ತಾನು ಫುಟ್‌ಬಾಲ್ ಆಡಿದ್ದೆ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ ಎಂದು ಮಗಳು ಡಾನ್ ಮತ್ತೆ ಮತ್ತೆ ಹೇಳಿದ್ದಾರೆ. ವೆಂಬ್ಲಿಯ ಗೋಲು, ಕಪ್ಪು, ಯಾವುದೂ ಇಲ್ಲ. 2002ರ ಜನವರಿ 19ರಂದು ತೀರಿಕೊಂಡಾಗ ವಯಸ್ಸು 59. ಮುಪ್ಪಿನ ತನಕ ನೆನೆ ಎನ್ನುತ್ತೀರಲ್ಲ, ಈ ಮನುಷ್ಯನಿಗೆ ಆಟ ಮುಪ್ಪನ್ನೂ ಕೊಡಲಿಲ್ಲ, ನೆನಪನ್ನೂ ಉಳಿಸಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಸಾವಿನ ವಿಚಾರಣೆ ನಡೆಯಿತು. ಮಿದುಳಿನ ಮುಂಭಾಗಕ್ಕೆ ಆಗಿದ್ದ ಹಾನಿ ಬಾಕ್ಸರ್‌ಗಳಲ್ಲಿ ಕಾಣುವಂಥದ್ದು ಎಂದು ರೋಗಶಾಸ್ತ್ರಜ್ಞರು ಸಾಕ್ಷಿ ಹೇಳಿದರು. ವರ್ಷಗಟ್ಟಲೆ ಭಾರದ ತೊಗಲಿನ ಚೆಂಡನ್ನು ಹಣೆಯಿಂದ ಹೊಡೆದದ್ದೇ ಕಾರಣ, ಇದು ಔದ್ಯೋಗಿಕ ಕಾಯಿಲೆಯಿಂದ ಬಂದ ಸಾವು ಎಂದು ಕೊರೊನರ್ ದಾಖಲಿಸಿದರು. ಗಣಿಯ ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡವನ ಸಾವಿಗೆ ಕಾನೂನು ಕೊಡುವ ಹೆಸರು ಅದು. ಈಸ್ಟ್‌ವುಡ್ಡಿನಂಥ ಊರಿನಲ್ಲಿ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಕಾಲದ ಚೆಂಡು ತೊಗಲಿನದು, ಮಳೆಯಲ್ಲಿ ನೆನೆದರೆ ನೀರು ಕುಡಿದು ತೂಕ ಏರುತ್ತಿತ್ತು. ಈಗಿನ ಚೆಂಡು ನೀರು ಕುಡಿಯುವುದಿಲ್ಲ ನಿಜ, ಆದರೆ ಒಣಗಿದ್ದಾಗ ಅದಕ್ಕೂ ಇದಕ್ಕೂ ತೂಕ ಹೆಚ್ಚುಕಡಿಮೆ ಒಂದೇ, 410ರಿಂದ 450 ಗ್ರಾಂ. ಹಾರುವ ವೇಗ ಇದರದೇ ಜಾಸ್ತಿ. ಹಳೇ ಚೆಂಡಿನ ಕಥೆ ಎಂದು ಈ ಸಾವನ್ನು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಒಂದು ಆಟ ತನ್ನ ಆಟಗಾರನನ್ನು ಕೊಂದಿತು ಎಂದು ಸರ್ಕಾರಿ ದಾಖಲೆ ಹೇಳಿದ ಮೇಲೆ ಏನಾಗಬೇಕಿತ್ತು? ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಮತ್ತು ಆಟಗಾರರ ಸಂಘ ಸೇರಿ ಹತ್ತು ವರ್ಷದ ಅಧ್ಯಯನದ ಮಾತಾಡಿದವು. ಆ ಅಧ್ಯಯನ ನಡುದಾರಿಯಲ್ಲೇ ಸೊರಗಿ ನಿಂತುಹೋಯಿತು. ಮನೆಯವರಿಗೆ ಅದನ್ನು ತಿಳಿಸುವಷ್ಟು ಸೌಜನ್ಯವೂ ಇರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ತಡೆಯುವುದಿಲ್ಲ. ಹೆಂಡತಿ ಲೊರೇನ್ ಮತ್ತು ಮಕ್ಕಳು ಹತ್ತು ವರ್ಷಕ್ಕೂ ಮೀರಿ ಕಾದರು. 2014ರಲ್ಲಿ ಗ್ಲಾಸ್ಗೋದ ವೈದ್ಯ ವಿಲ್ಲಿ ಸ್ಟುವರ್ಟ್ ಕಾಪಿಟ್ಟಿದ್ದ ಮಿದುಳನ್ನು ಮತ್ತೆ ಪರೀಕ್ಷಿಸಿ, ಪದೇಪದೇ ತಲೆಗೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಎಂಬ ಕಾಯಿಲೆ ಇದು ಎಂದು ಖಚಿತಪಡಿಸಿದರು. ಆ ವರ್ಷ ಅಲ್ಬಿಯನ್ನಿನ ಅಭಿಮಾನಿಗಳು ಪ್ರತಿ ಪಂದ್ಯದ ಒಂಬತ್ತನೇ ನಿಮಿಷದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ್ಯಸ್ಟಲ್ ತೊಡುತ್ತಿದ್ದದ್ದು ಒಂಬತ್ತನೇ ನಂಬರಿನ ಅಂಗಿ. ಅಸೋಸಿಯೇಷನ್ನಿನ ಮುಖ್ಯಸ್ಥರು ಕುಟುಂಬದ ಕ್ಷಮೆ ಕೇಳಿದ್ದು ಅಷ್ಟಾದ ಮೇಲೆ. ಟಿಕೆಟ್ ಕೊಂಡು ಬಂದವರು ಋಣ ನೆನೆದರು. ಆಟವನ್ನು ಆಳುವವರಿಗೆ ಅದು ಹನ್ನೆರಡು ವರ್ಷ ನೆನಪಾಗಲಿಲ್ಲ.

ಗ್ಲಾಸ್ಗೋದ ಅದೇ ತಂಡ ಸ್ಕಾಟ್ಲೆಂಡಿನ 7,676 ಮಾಜಿ ಆಟಗಾರರ ದಾಖಲೆಗಳನ್ನು ಜನಸಾಮಾನ್ಯರ ದಾಖಲೆಗಳ ಜೊತೆ ಹೋಲಿಸಿ 2019ರಲ್ಲಿ ವರದಿ ಕೊಟ್ಟಿತು. ಮಿದುಳು ಸವೆಯುವ ಕಾಯಿಲೆಗಳಿಂದ ಆಟಗಾರರು ಸಾಯುವ ಪ್ರಮಾಣ ಮೂರೂವರೆ ಪಟ್ಟು. ಎರಡು ವರ್ಷದ ನಂತರ ಇನ್ನಷ್ಟು ಬಿಡಿಸಿ ನೋಡಿದಾಗ ಅಪಾಯ ಅತಿ ಹೆಚ್ಚು ಕಂಡದ್ದು ಡಿಫೆಂಡರ್‌ಗಳಲ್ಲಿ. ತಲೆಯಿಂದ ಚೆಂಡು ಮುಟ್ಟದ ಗೋಲ್‌ಕೀಪರ್‌ಗಳಿಗೂ ಜನಸಾಮಾನ್ಯರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದಕ್ಕಿಂತ ಇನ್ನೇನು ಬೇಕು?

ಪಂದ್ಯದಲ್ಲಿ ಎಷ್ಟು ಸಲ ಹೆಡರ್ ಮಾಡುತ್ತಾರೆ ಮಹಾ ಎಂದು ಕೇಳುವವರಿದ್ದಾರೆ. ಪೆಟ್ಟು ಬೀಳುವುದು ಅಭ್ಯಾಸದಲ್ಲಿ. ಪ್ರೀಮಿಯರ್ ಲೀಗಿನಲ್ಲಿ 260 ಗೋಲು ಹೊಡೆದ ಅಲನ್ ಶಿಯರರ್ 2017ರಲ್ಲಿ ಬಿಬಿಸಿಗಾಗಿ ಇದೇ ವಿಷಯದ ಸಾಕ್ಷ್ಯಚಿತ್ರ ಮಾಡಿದರು. ಪಂದ್ಯದಲ್ಲಿ ತಲೆಯಿಂದ ಹೊಡೆದ ಒಂದೊಂದು ಗೋಲಿಗೂ ಅಭ್ಯಾಸದಲ್ಲಿ ಸಾವಿರ ಸಲ ಹೊಡೆದಿರಬೇಕು ಎಂದು ಹೇಳಿದ್ದು ಅವರೇ. ಈಗ ಇಂಗ್ಲೆಂಡಿನಲ್ಲಿ ವೃತ್ತಿಪರರಿಗೇ ವಾರದ ಅಭ್ಯಾಸದಲ್ಲಿ ಜೋರಿನ ಹೆಡರ್ ಹತ್ತು ಮೀರಬಾರದು ಎಂಬ ಸೂಚನೆಯಿದೆ. ಪ್ರಾಥಮಿಕ ಶಾಲೆಯ ವಯಸ್ಸಿನವರಿಗೆ ಹೆಡರ್ ಅಭ್ಯಾಸ ಮಾಡಿಸಬಾರದು ಎಂದು 2020ರಲ್ಲೇ ಹೇಳಿದ್ದಾರೆ, ಆ ವಯಸ್ಸಿನವರ ಪಂದ್ಯಗಳಿಂದಲೂ ಹಂತಹಂತವಾಗಿ ತೆಗೆಯುತ್ತಿದ್ದಾರೆ. ಅಲ್ಲಿ ಕೈಬಿಟ್ಟದ್ದನ್ನು ನಮ್ಮ ಮಕ್ಕಳಿಗೆ ಧೈರ್ಯದ ಪಾಠ ಎಂದು ಕಲಿಸುತ್ತಿದ್ದೇವೆ. ಸಮಾರಂಭ ಮುಗಿದ ಮೇಲೆ ಕೋಚ್ ಹತ್ತಿರ ಹೋಗಿ ಇದನ್ನೇ ಹೇಳಿದೆ. ‘ಫುಟ್‌ಬಾಲ್ ಅಂದ್ಮೇಲೆ ಹೆಡರ್ ಇರಲೇಬೇಕಲ್ಲ ಮೇಡಂ. ನಾವೂ ಹಂಗೇ ಕಲ್ತಿದ್ದು’ ಎಂದರು. ಅವರ ಮೇಲೆ ನನಗೆ ದ್ವೇಷವಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಸಿಟ್ಟು ಇರುವುದು ಹೇಳಿಕೊಡಬೇಕಾದ ಸ್ಥಾನದಲ್ಲಿ ಕೂತು, ಮಕ್ಕಳಿಗೆ ಕೃತಜ್ಞತೆ ಬೋಧಿಸುವವರ ಮೇಲೆ.

ಇಂಗ್ಲೆಂಡಿಗೆ 1966ರ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ನಾಬಿ ಸ್ಟೈಲ್ಸ್, ಚಾರ್ಲ್ಟನ್ ಸಹೋದರರಿಬ್ಬರೂ, ಒಟ್ಟು ಐದು ಜನ ಮರೆವಿನ ಕಾಯಿಲೆಗೆ ತುತ್ತಾದರು. ಸ್ಟೈಲ್ಸ್ ಅಂತೂ ಬದುಕಿರುವಾಗಲೇ ತಮ್ಮ ವಿಶ್ವಕಪ್ ಪದಕವನ್ನು ಹರಾಜಿಗೆ ಕೊಟ್ಟಿದ್ದರು. ಇಂಥವರ ನೆರವಿಗೆಂದು ಪ್ರೀಮಿಯರ್ ಲೀಗ್ ಮತ್ತು ಆಟಗಾರರ ಸಂಘ 2023ರಲ್ಲಿ ನಿಧಿ ಸ್ಥಾಪಿಸಿದಾಗ ಆರಂಭಕ್ಕೆ ಇಟ್ಟ ಹಣ ಹತ್ತು ಲಕ್ಷ ಪೌಂಡ್. ಇವತ್ತು ಅದೇ ಲೀಗಿನ ಒಬ್ಬ ದೊಡ್ಡ ಸ್ಟ್ರೈಕರ್‌ಗೆ ಅದು ಕೆಲವೇ ವಾರಗಳ ಸಂಬಳ.